ಪರ್ಲ ಮಂಡಿಯೂರದ ಹದಿಮೂರು ವರ್ಷಗಳು

ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಆರೂವರೆಗೆ ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಬಿಳಿ ಸೀರೆಯುಟ್ಟ ಹೆಂಗಸೊಬ್ಬಳು ಬೀದರಿನ ಬಸ್ಸಿಗಾಗಿ ಕಾಯುತ್ತಿದ್ದಳು. ಕೈಯಲ್ಲಿ ಹಾಡಿನ ಪುಸ್ತಕ, ಹೆಗಲಲ್ಲಿ ಒಂದು ಚೀಲ, ಹೊಟ್ಟೆಯಲ್ಲಿ ನೀರು ಮಾತ್ರ. ಭಾಲ್ಕಿಯಲ್ಲಿ ಚರ್ಚಿಲ್ಲವೆಂದಲ್ಲ, ಅವಳ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿಯೇ ಇತ್ತು, ಉಳಿದ ಭಾನುವಾರಗಳಲ್ಲಿ ಅವಳು ಅಲ್ಲಿಗೇ ಹೋಗುತ್ತಿದ್ದಳು. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನವಿರುವ ಮೊದಲ ಭಾನುವಾರ ಮಾತ್ರ ಬೀದರು. ಗಂಡನನ್ನು ಮಣ್ಣು ಮಾಡಿದ ಊರು, ಮದುವೆಯಾಗಿ ಬಂದ ಸಭೆ, ಹೇಗೆ ಬಿಟ್ಟಾಳು ಎಂದು ಭಾಲ್ಕಿಯ ಹೆಂಗಸರು ಅವಳ ನಿಷ್ಠೆಯನ್ನು ಮೆಚ್ಚಿಕೊಳ್ಳುತ್ತಿದ್ದರು. ಅವರ ತಿಳಿವಳಿಕೆ ತಪ್ಪು. ಪರ್ಲ ಬೀದರಿಗೆ ಹೋಗುತ್ತಿದ್ದದ್ದು ಆ ಭೋಜನವನ್ನು ಸ್ವೀಕರಿಸುವುದಕ್ಕಲ್ಲ, ಎಲ್ಲರ ಕಣ್ಣೆದುರು ಅದನ್ನು ಸ್ವೀಕರಿಸದೆ ಕೂರುವುದಕ್ಕೆ.

ಮೆಥೋಡಿಸ್ಟ್ ಸಭೆಗಳಲ್ಲಿ ರೊಟ್ಟಿ ಮುರಿಯುವ ಮುನ್ನ ಪಾಸ್ಟರು ಜನರನ್ನು ಕರೆಯುತ್ತಾರೆ. ಪಾಪಕ್ಕಾಗಿ ನಿಜವಾಗಿ ಮರುಗುವವರೂ ನೆರೆಯವರೊಡನೆ ಸಮಾಧಾನವಾಗಿರುವವರೂ ಮುಂದೆ ಬಂದು ಮಂಡಿಯೂರಬಹುದು ಎಂಬುದು ಆ ಕರೆಯ ಸಾರ. ಯಾರೊಡನೆಯಾದರೂ ವೈರವಿಟ್ಟುಕೊಂಡವರು ತಮ್ಮ ಜಾಗದಲ್ಲಿಯೇ ಉಳಿದುಬಿಡುತ್ತಾರೆ. ಹಾಗೆ ಉಳಿಯುವವರು ಸಾಮಾನ್ಯವಾಗಿ ನಾಚಿಕೊಂಡು ಹಿಂದಿನ ಬೆಂಚನ್ನು ಹುಡುಕುತ್ತಾರೆ. ಪರ್ಲ ಮುಂದಿನ ಬೆಂಚಿನ ಅಂಚನ್ನು ಹಿಡಿದಳು. ಇಡೀ ಸಭೆ ಎದ್ದು ಸಾಲುಗಟ್ಟಿ ಅವಳ ಮೊಣಕಾಲಿನ ಪಕ್ಕದಿಂದಲೇ ಹಾದುಹೋಗಬೇಕು. ಆ ಸಾಲಿನಲ್ಲಿ ಅವಳ ಮೈದುನ ಮೋಶೆಯೂ ಇರುತ್ತಿದ್ದ. ಅವನು ದಾಟುವಾಗ ಅವಳು ಬೆನ್ನನ್ನು ಇನ್ನೂ ನೆಟ್ಟಗೆ ಮಾಡಿ ಅವನ ಮುಖವನ್ನೇ ನೋಡುತ್ತಿದ್ದಳು. ಒಂದು ಮಾತಿಲ್ಲ. ಆದರೆ ಬೆಂಚಿನಲ್ಲಿ ಉಳಿದ ಆ ಒಬ್ಬಳು ಯಾರ ಕಾರಣದಿಂದ ಉಳಿದಿದ್ದಾಳೆಂಬುದು ಬೀದರಿನ ಸಭೆಗೆ ಗೊತ್ತಾಗಲು ಎರಡು ತಿಂಗಳೂ ಹಿಡಿಯಲಿಲ್ಲ. ಏನು ಕಾರಣವೆಂಬುದು ಮಾತ್ರ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಅದನ್ನು ಅವಳು ಕಾಯ್ದಿಟ್ಟಿದ್ದಳು.

ಮೋಶೆ ಒಮ್ಮೆ ಸಾಲನ್ನು ಬದಲಿಸಿ ಗಂಡಸರ ಬದಿಯ ಗೋಡೆಯಂಚಿನಿಂದ ಹೋದ. ಮುಂದಿನ ತಿಂಗಳು ಅವಳು ಆ ಗೋಡೆಯಂಚಿನ ಬೆಂಚಿನಲ್ಲಿ ಕುಳಿತಿದ್ದಳು.

ಕಾರಣ ಇದು. ಪರ್ಲ ಔರಾದ ತಾಲ್ಲೂಕಿನ ಎಕಂಬಾದವಳು. ಓದು ಬರಹವಿಲ್ಲದೆ, ಹೊಲದ ಕೂಲಿಯಲ್ಲಿ ಬೆಳೆದವಳು. ಇಪ್ಪತ್ತರ ವಯಸ್ಸಿಗೆ ಅವಳನ್ನು ಬೀದರಿನ ಎಲೀಷನಿಗೆ ಕೊಟ್ಟರು. ಎಲೀಷ ಅಲ್ಲಿಯ ಒಂದು ಬೋರ್ಡಿಂಗಿನಲ್ಲಿ, ಎಂದರೆ ಹಳ್ಳಿಯ ಹುಡುಗಿಯರು ಉಳಿದು ಓದುವ ವಸತಿಮನೆಯಲ್ಲಿ, ಅಡುಗೆಯವನಾಗಿದ್ದ. ಕೆಲಸದೊಂದಿಗೆ ಆವರಣದಲ್ಲಿ ಎರಡು ಕೋಣೆಯ ಮನೆಯೂ ಸಿಕ್ಕಿತ್ತು. ನೂರಿಪ್ಪತ್ತು ಹುಡುಗಿಯರ ರೊಟ್ಟಿಯಲ್ಲಿ ಅರ್ಧ ಪಾಲು ಪರ್ಲಳ ಕೈಯಿಂದಲೇ ಆಗುತ್ತಿತ್ತು. ಎರಡು ಸಾವಿರದ ಎಂಟನೆಯ ಇಸವಿಯಲ್ಲಿ ಎಲೀಷ ಕಾಮಾಲೆಯಿಂದ ಹನ್ನೊಂದು ದಿನ ನರಳಿ ತೀರಿಕೊಂಡ. ಮಗಳು ಸಪನಾಳಿಗೆ ಆಗ ಎರಡು ವರ್ಷ.

ಮಣ್ಣು ಮಾಡಿದ ಎಂಟನೆಯ ದಿನ ಗಂಡನ ತಮ್ಮ ಮೋಶೆ ಒಂದು ಕಾಗದವನ್ನು ತಂದ. ಅವನು ಓದಿದವನು, ಮೆಲುಮಾತಿನವನು, ಚರ್ಚಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದವನು. ಕಾಗದವನ್ನು ಬೆಳಕಿಗೆ ಹಿಡಿದು ಅವಳಿಗೆ ಓದಿ ಹೇಳಿದ.

"ವೈನಿ, ಅಣ್ಣನ ನೌಕರಿ ನಿಮಗೇ ಕೊಡ್ರಿ ಅಂತ ಬರ್ಸೀನಿ. ಮನಿನೂ ನಿಮಗೇ ಇರ್ಲಿ ಅಂತ ಅದ. ಇಲ್ಲಿ ಅಂಗೂಠಾ ಹಚ್ಚ್ರಿ."

"ಎಲ್ಲಾ ಬರ್ದೀ ಏನಪ್ಪಾ?"

"ದೇವರ ಮುಂದ ಹೇಳ್ತೇನಿ ವೈನಿ, ಒಂದಕ್ಷರ ಬಿಟ್ಟಿಲ್ಲ."

ಅವಳು ಹೆಬ್ಬೆಟ್ಟನ್ನು ಒತ್ತಿದಳು. ಮೂರು ತಿಂಗಳ ಒಳಗೆ ನೌಕರಿ ಮೋಶೆಗೆ ಆಯಿತು, ಮನೆಯೂ ಅವನದಾಯಿತು. ಅವಳೇ ಬೇಡವೆಂದು ಬರೆದುಕೊಟ್ಟಿದ್ದಾಳೆಂದು ಕಚೇರಿಯಲ್ಲಿ ಹೇಳಿದರು. ಆಗಿನ ಪಾಸ್ಟರ ಬಳಿ ಹೋದರೆ, "ಹೆಬ್ಬೆಟ್ಟು ನಿಂದೇ ಅಲ್ಲೇನವ್ವಾ?" ಎಂದು ಅವರು ಮೆತ್ತಗೆ ಕೇಳಿದರು. ಹೆಬ್ಬೆಟ್ಟು ಅವಳದೇ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಅವಳು ಭಾಲ್ಕಿಗೆ ಬಂದಳು. ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸ ಸಿಕ್ಕಿತು. ರಕ್ತದ ಬಟ್ಟೆಗಳನ್ನು ತೊಳೆದಳು.

ಎರಡು ವರ್ಷಗಳ ನಂತರ, ಬೋರ್ಡಿಂಗಿನ ಹಳೆಯ ಗುಮಾಸ್ತ ಗೌಸೋದ್ದೀನ ನಿವೃತ್ತನಾಗುವ ವಾರ ಭಾಲ್ಕಿಯವರೆಗೆ ಬಂದು ಅವಳ ಕೈಗೆ ಒಂದು ಝರಾಕ್ಸ್ ಪ್ರತಿಯನ್ನಿಟ್ಟ. ಅವನು ಎಲೀಷನ ಗೆಳೆಯನಾಗಿದ್ದವನು.

"ಎಲೀಷನ ಉಪ್ಪು ತಿಂದೀನಿ ಭಾಬಿ. ನೀವು ಅಂಗೂಠಾ ಹಚ್ಚಿದ ಕಾಗದ ಇದೇ. ಓದ್ಲೇನು?"

"ಬ್ಯಾಡ್ರಿ," ಎಂದಳು ಪರ್ಲ. "ಮಂದಿ ಓದಿ ಹೇಳಿದ್ದು ಒಮ್ಮೆ ಕೇಳೀನಿ. ಸಾಕಾಗ್ಯಾದ. ಇದನ್ನ ನಾನೇ ಓದ್ತೇನಿ."

ಓದುವುದಕ್ಕೆ ಅವಳಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಮರುದಿನ ಸಂಜೆ ಆಸ್ಪತ್ರೆಯಿಂದ ನೇರವಾಗಿ ಶಿವಕಾಂತಾ ಟೀಚರ ಮನೆಯ ಪಡಸಾಲೆಗೆ ಹೋದಳು. ಶಿವಕಾಂತಾ ನಿವೃತ್ತ ಶಿಕ್ಷಕಿ. ಕೆಲಸ ಮಾಡುವ ಹೆಂಗಸರಿಗೆ ಸಂಜೆ ಐದೂವರೆಯಿಂದ ಏಳರವರೆಗೆ ಪಾಠ ಹೇಳುತ್ತಿದ್ದರು. ಇಪ್ಪತ್ತೆಂಟು ವರ್ಷದ ಬೆರಳುಗಳಿಗೆ ಬಳಪ ಹಿಡಿಯುವುದು ಬಟ್ಟೆ ಹಿಂಡುವುದಕ್ಕಿಂತ ಕಷ್ಟದ ಕೆಲಸ. ಹಗಲೆಲ್ಲಾ ದುಡಿದು, ಸಂಜೆ ಮಕ್ಕಳ ಸ್ಲೇಟನ್ನು ಮಡಿಲಲ್ಲಿಟ್ಟುಕೊಂಡು ಕೂತವರಿಗೆ ಮಾತ್ರ ಅದರ ಅವಮಾನವೂ ಅದರ ಹೆಮ್ಮೆಯೂ ಗೊತ್ತು. ಉಳಿದ ಹೆಂಗಸರು ಬಸ್ಸಿನ ಬೋರ್ಡು ಓದಲು, ಸಹಿ ಹಾಕಲು ಕಲಿತು ಬಿಟ್ಟುಹೋದರು. ಪರ್ಲ ಬಿಡಲಿಲ್ಲ. ಮಡಿಚಿದ ಕಾಗದ ಅವಳ ರವಿಕೆಯೊಳಗೆ ಬೆವರುತ್ತಿತ್ತು. ಒತ್ತಕ್ಷರಗಳೆಲ್ಲಾ ಕೈವಶವಾಗುವವರೆಗೆ ಅದನ್ನು ತೆರೆಯುವುದಿಲ್ಲವೆಂದು ಅವಳು ಪಣ ತೊಟ್ಟಿದ್ದಳು.

ಎರಡು ಚಳಿಗಾಲ ಕಳೆದ ಮೇಲೆ, ಒಂದು ಸಂಜೆ ಪಡಸಾಲೆಯ ಕಂಬಕ್ಕೆ ಒರಗಿ ಅವಳು ಅದನ್ನು ತೆರೆದಳು. ಒಟ್ಟು ಹನ್ನೊಂದು ಸಾಲು. ತನಗೆ ನೌಕರಿಯ ಇಚ್ಛೆಯಿಲ್ಲ. ಗಂಡನ ಜಾಗವನ್ನು ಮೈದುನನಿಗೆ ಕೊಡಬೇಕು. ತಾನು ಸ್ವಂತ ಸಂತೋಷದಿಂದ ಮನೆಯನ್ನು ಬಿಟ್ಟು ತವರಿಗೆ ಹೋಗುತ್ತೇನೆ. 'ಸ್ವಂತ ಸಂತೋಷದಿಂದ' ಎಂಬ ಎರಡು ಪದಗಳ ಕೆಳಗೆ ಅವಳ ಬೆರಳು ಬಹಳ ಹೊತ್ತು ನಿಂತಿತು. ಅವಳು ತಡವರಿಸದೆ ಓದಿದ್ದಕ್ಕೆ ಶಿವಕಾಂತಾ ಟೀಚರು ಶಹಬ್ಬಾಸ್ ಎಂದರು. ಪರ್ಲ ತನ್ನ ಜೀವನದಲ್ಲಿ ಮೊದಲು ಓದಿ ಮುಗಿಸಿದ ಬರಹ ಅದು.

ಅವಳು ಕೋರ್ಟಿಗೆ ಹೋಗಲಿಲ್ಲ. ಸಭೆಗೂ ಹೇಳಲಿಲ್ಲ. ಅಡುಗೆಯವನೊಬ್ಬನ ಮೋಸ ಬಯಲಾದರೆ ನಾಲ್ಕು ದಿನ ಮಾತಾಡಿ ಜನ ಮರೆಯುತ್ತಾರೆ. ಏಣಿಯ ಕೆಳಗಿನ ಮೆಟ್ಟಿಲ ಮೇಲೆ ನಿಂತವನನ್ನು ತಳ್ಳಿದರೆ ಅವನ ಮೊಣಕಾಲೂ ತರಚುವುದಿಲ್ಲ. ಅವನು ಹತ್ತಲಿ. ಹತ್ತುತ್ತಾನೆಂಬುದು ಅವಳಿಗೆ ಗೊತ್ತಿತ್ತು. ಅವನ ಕೊರಳು ಚೆನ್ನಾಗಿತ್ತು, ನಡತೆ ಮೃದುವಾಗಿತ್ತು. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಮುಂದಿನ ಬೆಂಚು.

ಹೀಗೆ ಹದಿಮೂರು ವರ್ಷ. ಅವಳು ಹತ್ತನೆಯ ತರಗತಿ ಪಾಸಾದಳು. ಆಸ್ಪತ್ರೆಯಲ್ಲಿ ವಾರ್ಡಿನ ಮೇಲ್ವಿಚಾರಣೆ ಅವಳ ಕೈಗೆ ಬಂತು. ಮೋಶೆ ಹಾಡುಗಾರರ ಮುಖ್ಯಸ್ಥನಾದ, ರೊಟ್ಟಿಯ ತಟ್ಟೆಯನ್ನು ಪಾಸ್ಟರ ಕೈಗೆ ಕೊಡುವವನಾದ. ಆ ತಟ್ಟೆ ಹಿಡಿದು ನಡೆಯುವಾಗ ಅವಳ ಬೆಂಚಿನ ಹತ್ತಿರ ಅವನ ಹೆಜ್ಜೆ ಒಮ್ಮೆ ತಪ್ಪುತ್ತಿತ್ತು. ಆ ತಪ್ಪಿದ ಹೆಜ್ಜೆಯನ್ನು ಕಣ್ಣಲ್ಲಿಟ್ಟುಕೊಂಡು ಅವಳು ಭಾಲ್ಕಿಗೆ ಮರಳುತ್ತಿದ್ದಳು, ಮುಂದಿನ ತಿಂಗಳವರೆಗೆ ಅದನ್ನೇ ನೆನೆಸಿಕೊಂಡು ಬದುಕುತ್ತಿದ್ದಳು.

ಸಪನಾಳಿಗೆ ಹದಿನಾರಾದಾಗ ಅವಳನ್ನು ಸಭೆಯ ಪೂರ್ಣ ಸದಸ್ಯಳಾಗಿಸುವ ದೃಢೀಕರಣ ಭಾಲ್ಕಿಯ ಚರ್ಚಿನಲ್ಲಿ ನಡೆಯಿತು. ಅಂದು ಅವಳು ಮೊದಲ ಬಾರಿಗೆ ಕರ್ತನ ಭೋಜನ ತೆಗೆದುಕೊಳ್ಳಬೇಕಾಗಿತ್ತು. ಬಿಷಪ್ಪರ ಅನುಕೂಲಕ್ಕೆ ತಕ್ಕಂತೆ ಅದು ತಿಂಗಳ ಮೊದಲ ಭಾನುವಾರ ಬಿತ್ತು. ತಾಯಿ ಬೀದರಿನಲ್ಲಿದ್ದಳು. ಮಧ್ಯಾಹ್ನ ಮನೆಗೆ ಬಂದಾಗ ಮಗಳು ಇನ್ನೂ ಬಿಳಿ ಮುಸುಕು ತೆಗೆಯದೆ ಹೊಸ್ತಿಲಲ್ಲಿ ಕೂತಿದ್ದಳು.

"ಎಲ್ಲಾರ ಅವ್ವಂದಿರು ಹಿಂದ ನಿಂತಿದ್ರು. ನನ್ನ ಹಿಂದ ಚರ್ಚಿನ ಮಾರ್ಗರೆಟ ಆಯಿ ನಿಂತಿದ್ಳು."

"ನಿನಗ ಇನ್ನ ಎಲ್ಲಾ ತಿಂಗಳೂ ಭೋಜನ ಅದ. ನಾ ಒಂದ್ ತಿಂಗಳು ಬಿಟ್ರ ಅವ ಆರಾಮ್ ಆಗ್ತಾನ."

"ಕಾಕಾ ಆರಾಮ್ ಆದ್ರ ಆಗ್ಲಿ! ನಾ ನಿನ್ನ ಮಗಳು!"

ಪರ್ಲ ಬಿಳಿ ಸೀರೆ ಬದಲಿಸಲು ಒಳಗೆ ಹೋದಳು. ಆ ವಿಷಯ ಮತ್ತೆ ಮಾತಿಗೆ ಬರಲಿಲ್ಲ. ಸಪನಾ ನರ್ಸಿಂಗ್ ಕಲಿಯಲು ಬೀದರಿಗೆ ಹೋಗಿ ಹಾಸ್ಟೆಲಿನಲ್ಲಿ ಉಳಿದಳು. ಮನೆಗೆ ಬರುವುದನ್ನು ಕಡಿಮೆ ಮಾಡಿದಳು.

ಈ ವರ್ಷದ ಮಾರ್ಚಿನಲ್ಲಿ ಒಂದು ಭಾನುವಾರ ಅದೇ ಸಪನಾಳ ಫೋನು ಬಂತು.

"ಅವ್ವಾ, ಕಾಕಾನ ಹೆಸರು ಓದಿದ್ರು."

ಬೀದರಿನ ಆ ಸಭೆಯಲ್ಲಿ ಸಭಾಮುಖಂಡನನ್ನು ನೇಮಿಸುವ ಮುನ್ನ ಅವನ ಹೆಸರನ್ನು ಮೂರು ಭಾನುವಾರ ಬಹಿರಂಗವಾಗಿ ಓದುವ ರೂಢಿ. ತಕರಾರಿರುವವರು ಮೂರನೆಯ ಓದಿನೊಳಗೆ ಎದ್ದು ಹೇಳಬೇಕು. ಪಾಸ್ಟರನ್ನು ಬಿಟ್ಟರೆ ಸಭೆಯಲ್ಲಿ ಅದಕ್ಕಿಂತ ಮೇಲಿನ ಜಾಗವಿಲ್ಲ. ಮೂರನೆಯ ಓದು ಏಪ್ರಿಲ್ ಆರಕ್ಕೆ, ಮೊದಲ ಭಾನುವಾರ. ಪರ್ಲ ಫೋನಿಟ್ಟು, ಟ್ರಂಕಿನಿಂದ ಕಾಗದವನ್ನು ತೆಗೆದು, ಮಡಿಕೆಗಳಲ್ಲಿ ಹರಿಯತೊಡಗಿದ್ದ ಕಡೆಗಳಿಗೆ ಟೇಪು ಅಂಟಿಸಿದಳು. ಏಳು ವಾಕ್ಯಗಳ ಒಂದು ಮಾತನ್ನು ಅವಳು ವರ್ಷಗಳಿಂದ ತಿದ್ದಿ ತೀಡಿ ಇಟ್ಟಿದ್ದಳು. ಅದನ್ನು ಗೋಡೆಗೆ ಹೇಳಿ ನೋಡಿದಳು. ಒಂದು ಪದವನ್ನೂ ಬದಲಿಸಬೇಕಾಗಿರಲಿಲ್ಲ.

ಅದು ಈಸ್ಟರಿಗೆ ಮುಂಚಿನ ಉಪವಾಸದ, ಶ್ರಮೆಯ ನಲವತ್ತು ದಿನಗಳ ಕಾಲ. ಭಾಲ್ಕಿಯಲ್ಲಿ ಮಾರ್ಗರೆಟಬಾಯಿಯ ಮನೆಯಲ್ಲಿ ಬುಧವಾರ ಸಂಜೆ ಹೆಂಗಸರ ಕ್ಲಾಸ್, ಎಂದರೆ ಪ್ರಾರ್ಥನೆಯ ಕೂಟ, ಕೂಡುತ್ತಿತ್ತು. ಮಾರ್ಗರೆಟಬಾಯಿ ನಿವೃತ್ತ ನರ್ಸು, ಎಪ್ಪತ್ತು ದಾಟಿದವರು. ಚುಚ್ಚುಮದ್ದು ಕೊಡುವುದನ್ನು ನಿಲ್ಲಿಸಿದ್ದರೂ ಚುಚ್ಚುವುದನ್ನು ನಿಲ್ಲಿಸಿರಲಿಲ್ಲ. ಹನ್ನೆರಡು ಹೆಂಗಸರ ಆತ್ಮದ ಕ್ಷೇಮ ವಿಚಾರಿಸುವುದು ಕ್ಲಾಸ್ ಲೀಡರಾದ ಅವರ ಹೊಣೆ.

"ನಲವತ್ತು ದಿನ ಚಹಾ ಬಿಟ್ಟೀನಿ, ಕುರಿಮಾಂಸ ಬಿಟ್ಟೀನಿ ಅಂತ ನನಗ ಹೇಳಬ್ಯಾಡ್ರಿ," ಎಂದರು ಅವರು. "ದೇವರ ಖುರ್ಚಿ ಮ್ಯಾಲ ಬ್ಯಾರೆ ಯಾರು ಕುಂತಾರ ಅಂತ ಮೊದಲ ನೋಡಮು. ಏಳು ದಿನ, ಮುಂಜಾನಿ ಕಣ್ಣು ತೆರದ ಕೂಡ್ಲೆ ಮನಸಿನ್ಯಾಗ ಯಾರು ಬಂದ್ರೋ ಅವರ ಹೆಸರು ಬರ್ಕೊಂಡು ಬರ್ರಿ. ಸುಳ್ಳ ಬರೀಬ್ಯಾಡ್ರಿ. ಬರೀಲಿಕ್ಕ ಬರದವರು ಸೊಸಿ ಕಡಿಂದ ಬರ್ಸಬ್ಯಾಡ್ರಿ, ಸೊಸಿ ಹೆಸರೇ ಬಂದಿರ್ತದ."

ಪರ್ಲ ಈ ಕೆಲಸವನ್ನು ಹಗುರವಾಗಿ ಸ್ವೀಕರಿಸಿದಳು. ಅವಳ ಮನೆಯಲ್ಲಿ ಟಿ.ವಿ. ಇರಲಿಲ್ಲ. ಮೈಮೇಲೆ ಚಿನ್ನವಿರಲಿಲ್ಲ. ಯಾರ ಮುಂದೆಯೂ ತಲೆ ಬಾಗಿಸಿದವಳಲ್ಲ. ದೇವರ ಜಾಗದಲ್ಲಿ ಕೂರಿಸಲು ತನ್ನ ಬಳಿ ಯಾವ ವಸ್ತುವಿದೆ ಎಂದು ಅವಳಿಗೆ ಆಶ್ಚರ್ಯವೇ ಆಯಿತು.

ಮೊದಲ ಬೆಳಿಗ್ಗೆ ಕಣ್ಣು ತೆರೆದಾಗ ಬಂದ ಯೋಚನೆ, ಮೋಶೆ ಈಗ ಎದ್ದು ಬೋರ್ಡಿಂಗಿನ ಒಲೆ ಹೊತ್ತಿಸುತ್ತಿರಬಹುದು ಎಂಬುದು. ಬರೆದಳು. ಎರಡನೆಯ ದಿನ, ಮೂರನೆಯ ಓದಿನ ಹೊತ್ತಿಗೆ ಅವನ ಮುಖ ಹೇಗಾಗುವುದೆಂಬ ಚಿತ್ರ. ಬರೆದಳು. ಮೂರನೆಯ ದಿನ ಎಚ್ಚರಗೊಂಡು, ಕಣ್ಣು ಮುಚ್ಚಿಕೊಂಡೇ ದೇವರ ಹೆಸರನ್ನು ಹೇಳಿಕೊಂಡು ಆಮೇಲೆ ಕಣ್ಣು ತೆರೆದಳು. ಆದರೆ ಆ ಯುಕ್ತಿಯನ್ನು ಮಾಡಬೇಕೆಂದು ನೆನಪಿಸಿದವನೇ ಮೋಶೆ. ಸುಳ್ಳು ಕಾಗದದಿಂದ ಹಾಳಾದವಳು ಕಾಗದದ ಮೇಲೆ ಸುಳ್ಳು ಬರೆಯಲಾರಳು. ಬರೆದಳು. ಏಳನೆಯ ದಿನದ ಹೊತ್ತಿಗೆ ಹಾಳೆಯ ಮೇಲೆ, ಶಿವಕಾಂತಾ ಟೀಚರು ಹೊಗಳುತ್ತಿದ್ದ ದುಂಡನೆಯ ಅಕ್ಷರಗಳಲ್ಲಿ, ಒಂದೇ ಹೆಸರು ಏಳು ಬಾರಿ ಇತ್ತು.

ಬುಧವಾರ ಹೆಂಗಸರು ತಮ್ಮ ತಮ್ಮ ಚೀಟಿಗಳನ್ನು ಓದಿದರು. ಸುಗಂಧಾಬಾಯಿಯದು ನಾಲ್ಕು ದಿನ ಮೊಮ್ಮಗ, ಮೂರು ದಿನ ನಲ್ಲಿಯ ನೀರು.

"ನೀರ ಬಿಡಾವನ ಹೆಸರು ಬರೀಬೇಕಿತ್ತು," ಎಂದು ಯಾರೋ ಕೂಗಿದರು.

"ಬರದ್ರ ನಮ್ಮ ಮನ್ಯಾವ ಸಂಶಯ ಪಡ್ತಾನವ್ವಾ!"

ನಗೆಯ ನಡುವೆ ಪರ್ಲ ತನ್ನ ಹಾಳೆಯನ್ನು ಓದದೆ ಮಾರ್ಗರೆಟಬಾಯಿಯ ಕೈಗೆ ಕೊಟ್ಟಳು. ಅವರು ಕನ್ನಡಕ ಏರಿಸಿ ನೋಡಿದರು. ಮಡಿಚಿ ತೊಡೆಯ ಕೆಳಗಿಟ್ಟುಕೊಂಡರು. ಎಲ್ಲರೂ ಹೋದ ಮೇಲೆ ಆ ಹೆಸರಿನ ಹಿಂದಿನ ಕಥೆಯನ್ನೆಲ್ಲಾ ಪರ್ಲಳ ಬಾಯಿಂದ ಹೇಳಿಸಿಕೊಂಡು, ಆಮೇಲೆ ಮಾತಾಡಿದರು.

"ಏಳಕ್ಕ ಏಳು. ನನ್ನ ಏಳರಾಗ ದೇವರು ಎರಡೇ ಸಲ ಬಂದಿದ್ದ, ಪರ್ಲ. ನಿನ್ನಂಥಾ ಭಕ್ತಿ ನನಗಿಲ್ಲ."

"ಚೇಷ್ಟಿ ಮಾಡಬ್ಯಾಡ್ರಿ ಬಾಯಿ. ಅವ ನನ್ನ ವೈರಿ."

"ವೈರಿ ಇದ್ರ ಏನಾತು? ಖುರ್ಚಿ ಮ್ಯಾಲ ಕುಂತಾನೋ ಇಲ್ಲೋ? ಉಪಾಸ ಯಾರಿಗ ಮಾಡ್ತಿ? ಬಿಳಿ ಸೀರಿ ಯಾರಿಗ ಉಡ್ತಿ? ತಿಂಗಳಿಗೊಮ್ಮೆ ಬಸ್ ಹತ್ತಿ ಯಾರ ದರ್ಶನಕ್ಕ ಹೋಗ್ತಿ? ಹೆತ್ತ ಮಗಳನ್ನ ಯಾರ ಸಲುವಾಗಿ ಬಿಟ್ಟಿದ್ದಿ ಆ ದಿನ? ಹಿಂದ ನಾನೇ ನಿಂತಿದ್ನೆಲ್ಲಾ."

"ನನ್ನ ಅನ್ನ ಕಸ್ಕೊಂಡಾನ ಅವ! ಸುಮ್ನ ಇರಬೇಕಿತ್ತೇನು?"

"ಇರಬ್ಯಾಡ. ಅವ ಮಾಡಿದ್ದು ಪಾಪ. ಆದ್ರ ಅವ ಕಸ್ಕೊಂಡಿದ್ದು ನೌಕರಿ, ಮನಿ. ಉಳದದ್ದೆಲ್ಲಾ ನೀನೇ ಒಯ್ದು ಕೊಟ್ಟು ಬಂದೀ."

ಪರ್ಲ ಚಪ್ಪಲಿ ಮೆಟ್ಟಿ, ಹೇಳದೆ ಹೊರಟುಬಂದಳು. ಎರಡು ದಿನ ಅವಳ ಸಿಟ್ಟು ಮಾರ್ಗರೆಟಬಾಯಿಯ ಮೇಲಿತ್ತು. ಮೂರನೆಯ ದಿನ, ವಾರ್ಡಿನ ಹಾಸಿಗೆಗಳಿಗೆ ಹೊದಿಕೆ ಹಾಕಿಸುತ್ತ ನಿಂತಿದ್ದಾಗ, ಆ ಮಾತಿನ ನಿಜವಾದ ಅವಮಾನ ಅವಳಿಗೆ ತಟ್ಟಿತು. ಮನುಷ್ಯರ ಮುಂದೆ ಎಂದೂ ಬಾಗದವಳೆಂದು ತನ್ನನ್ನು ತಿಳಿದುಕೊಂಡಿದ್ದವಳು, ಹದಿಮೂರು ವರ್ಷಗಳಿಂದ ಒಬ್ಬ ಅಡುಗೆಯವನ ಮುಂದೆ ಬಾಗಿದ್ದಳು. ಅಕ್ಷರ ಕಲಿತದ್ದು ಅವನಿಗಾಗಿ. ಬೆಳಗು ಅವನದು. ತಿಂಗಳ ಮೊದಲ ಭಾನುವಾರ ಅವನದು. ಆ ಮನುಷ್ಯನಿಗೆ ಇದು ಗೊತ್ತಾದರೆ ಒಳಗೊಳಗೇ ಉಬ್ಬಿಯಾನು. ಅವಳು ಕೈಯಲ್ಲಿದ್ದ ಹೊದಿಕೆಯನ್ನು ಹಾಸಿಗೆಯ ಮೇಲೆ ಬಿಸಾಡಿದಳು. ಬಾಣಂತಿಯೊಬ್ಬಳು ಬೆಚ್ಚಿ ನೋಡಿದಳು.

ಇದನ್ನು ಪಶ್ಚಾತ್ತಾಪವೆಂದು ಕರೆಯಲಾಗದು. ಕ್ಷಮೆ ಅವಳ ಎದೆಯ ಹತ್ತಿರಕ್ಕೂ ಬಂದಿರಲಿಲ್ಲ. ಅವಳಿಗೆ ಬಂದದ್ದು ಹೊಸದೊಂದು ಸಿಟ್ಟು: ಕಳ್ಳನಿಗೆ ತಾನೇ ಕಾಣಿಕೆ ಒಯ್ಯುತ್ತಿದ್ದೆನೆಂಬ ಸಿಟ್ಟು.

ಏಪ್ರಿಲ್ ಆರರ ಬೆಳಿಗ್ಗೆ ಅವಳು ಆಸ್ಪತ್ರೆಗೆ ಉಡುವ ನೀಲಿ ಸೀರೆಯುಟ್ಟು, ಎರಡು ರೊಟ್ಟಿ ತಿಂದು ಬಸ್ ಹತ್ತಿದಳು. ಬೀದರಿನ ಚರ್ಚಿನ ಬಾಗಿಲಲ್ಲಿ ಸಪನಾ ಕಾಯುತ್ತಿದ್ದಳು.

"ನೀಲಿ ಸೀರಿ ಯಾಕವ್ವಾ? ಇವತ್ತೇ ಅಲ್ಲೇನು ನಿನ್ನ ಹಬ್ಬ?"

"ಒಳಗ ನಡಿ."

ಅವಳು ಮುಂದಿನ ಬೆಂಚಿನಲ್ಲಿಯೇ ಕುಳಿತಳು. ಪಾಸ್ಟರ್ ಜಾನಿ ಆ ಸಭೆಗೆ ಹೊಸಬರು, ಹಳೆಯ ಮೌನಗಳ ಪರಿಚಯವಿಲ್ಲದವರು. ಪ್ರಸಂಗ ಮುಗಿಸಿ ಮೋಶೆಯ ಹೆಸರನ್ನು ಮೂರನೆಯ ಬಾರಿ ಓದಿ, ತಕರಾರಿದ್ದವರು ಏಳಬಹುದೆಂದರು. ಸಭೆ ತಿರುಗಿ ನೋಡಿದ್ದು ಪರ್ಲಳನ್ನು. ಅವಳು ಎದ್ದು ನಿಂತಳು.

ಹಾಡುಗಾರರ ಮುಂದೆ ನಿಂತಿದ್ದ ಮೋಶೆಯ ಮುಖದಿಂದ ರಕ್ತ ಇಳಿಯಿತು. ಅವಳು ಊಹಿಸಿದ್ದಕ್ಕಿಂತ ಅದು ಚೆನ್ನಾಗಿತ್ತು. ಅವನ ತುಟಿ ಒಣಗಿದ್ದು, ಒಂದು ಕೈ ಹಾಡಿನ ಪುಸ್ತಕವನ್ನು ಹುಡುಕಿದ್ದು, ಎಲ್ಲವೂ ಕಾಣುತ್ತಿತ್ತು. ಅವಳ ಮೈಯೆಲ್ಲಾ ಬಿಸಿಯಾಯಿತು. ಯಾವ ಹಾಡಿಗೂ, ಯಾವ ಪ್ರಾರ್ಥನೆಗೂ ಅವಳ ಮೈ ಹಾಗೆ ಎದ್ದು ನಿಂತದ್ದಿಲ್ಲ. ಅದು ಅವಳಿಗೇ ತಿಳಿಯಿತು. ಏಳು ವಾಕ್ಯಗಳು ನಾಲಿಗೆಯ ಮೇಲೆ ಸಿದ್ಧವಾಗಿದ್ದವು. ಅವನ್ನು ಹೇಳಿ ಮುಗಿಸಿದರೆ ಅವನು ಬೀಳುತ್ತಾನೆ, ಅವಳು ನೋಡುತ್ತಾಳೆ. ನೋಡಿದ್ದನ್ನು ಸಾಯುವವರೆಗೂ ದಿನಾ ಬೆಳಿಗ್ಗೆ ಕಣ್ಣು ತೆರೆದ ಕೂಡಲೇ ಮತ್ತೆ ಮತ್ತೆ ನೋಡುತ್ತಾಳೆ.

"ತಕರಾರು ಅದ," ಎಂದಳು. ಚೀಲದಿಂದ ಕಾಗದ ತೆಗೆದು ಪಾಸ್ಟರ ಕೈಗೆ ಕೊಟ್ಟಳು. "ಇದರ ಮ್ಯಾಲಿನ ಅಂಗೂಠಾ ನಂದು. ನನಗ ಆಗ ಓದ್ಲಿಕ್ಕ ಬರ್ತಿದ್ದಿಲ್ಲ. ಇದರಾಗ ಬರದದ್ದು ಒಂದು, ನನಗ ಓದಿ ಹೇಳಿದ್ದು ಒಂದು. ಓದಿ ಹೇಳಿದಾವ ಅಲ್ಲಿ ನಿಂತಾನ, ಅವನ್ನೇ ಕೇಳ್ರಿ."

"ನೀವು ಕುಂದರ್ರಿ ತಾಯಿ. ಈಗೇ ವಿಚಾರ ಮಾಡಮು."

"ನೀವ್ ಮಾಡ್ರಿ. ನಾ ಕುಂದರೂದಿಲ್ಲ."

"ನೀವಿಲ್ದೆ ಹ್ಯಾಂಗ ಆಗ್ತದ್ರಿ?"

"ಕಾಗದ ಅದಲ್ಲ. ಖರೇ ಇದ್ದದ್ದು ಖರೇ ಇರ್ತದ, ನಾ ಕುಂತು ಕಾಯಬೇಕಂತ ಇಲ್ಲ."

ಅವಳು ಹಾಡಿನ ಪುಸ್ತಕವನ್ನು ಎತ್ತಿಕೊಂಡು ನಡುವಿನ ದಾರಿಯಲ್ಲಿ ನಡೆದು ಹೊರಗೆ ಬಂದಳು. ಬಿಸಿಲಲ್ಲಿ ಗೇಟಿನವರೆಗೆ ಹೋಗುವುದರೊಳಗೆ ಹಿಂದೆ ಓಡಿಬರುವ ಚಪ್ಪಲಿಗಳ ಸದ್ದು ಕೇಳಿತು.

"ವೈನಿ! ನಿಂದ್ರಿ ವೈನಿ!" ಮೋಶೆ ಏದುಸಿರು ಬಿಡುತ್ತಿದ್ದ. ಅವನ ತಲೆ ನೆರೆತಿತ್ತು. ಹದಿಮೂರು ವರ್ಷ ಅವನನ್ನೇ ನೋಡಿದ್ದರೂ ಅದನ್ನು ಅವಳು ಕಂಡಿರಲಿಲ್ಲ. "ಒಳಗ ಬರ್ರಿ. ಎಲ್ಲಾರ ಮುಂದ ನನಗ ಬೈರಿ. ಚಪ್ಪಲಿ ತಗೊಂಡು ಹೊಡೀರಿ ಬೇಕಾದ್ರ. ಹಿಂಗ ಬಿಟ್ಟು ಹೋಗಬ್ಯಾಡ್ರಿ. ಎಷ್ಟೋ ವರ್ಷಾತು, ನೀವು ಯಾವಾಗ ಬಾಯಿ ತೆರೀತೀರಿ ಅಂತ ಕಾದೀನಿ."

ಪರ್ಲ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೈಗುಳ ಅವನಿಗೆ ಬೇಕಾಗಿತ್ತು. ಬೈಸಿಕೊಂಡರೆ ಅವನ ಹೊರೆ ಇಳಿಯುತ್ತಿತ್ತು.

"ಭಾಳ ಕೊಟ್ಟೀನಿ ನಿನಗ, ಮೋಶೆ," ಎಂದಳು. "ಇನ್ನ ಒಂದ್ ಬೈಗುಳನೂ ಕೊಡೂದಿಲ್ಲ. ಒಳಗ ಹೋಗು, ಅವರು ಕರೀಲತ್ತಾರ."

ಬಸ್ಸು ನೌಬಾದ್ ದಾಟುವಾಗ ಅವಳು ಒಮ್ಮೆ ಸೀಟಿನಿಂದ ಎದ್ದಳು. ಇಳಿದು ಆಟೋ ಹಿಡಿದರೆ ಹದಿನೈದು ನಿಮಿಷದಲ್ಲಿ ಚರ್ಚಿನ ಕಿಟಕಿಯ ಹತ್ತಿರ ನಿಲ್ಲಬಹುದು. ಒಳಗೆ ಹೋಗಬೇಕೆಂದಿಲ್ಲ, ಅವನ ದನಿ ಒಡೆಯುವುದನ್ನು ಕೇಳಿದರೆ ಸಾಕು. "ಇಳೀತಿರೇನ್ರಿ?" ಎಂದು ಕಂಡಕ್ಟರು ಸೀಟಿಯನ್ನು ಬಾಯಿಗಿಟ್ಟುಕೊಂಡ. ಅವಳು ಸರಳನ್ನು ಹಿಡಿದು, ಬಸ್ಸು ವೇಗ ಹಿಡಿಯುವವರೆಗೆ ಹಾಗೆಯೇ ನಿಂತಿದ್ದು, ಆಮೇಲೆ ಕುಳಿತಳು. 

ಅಂದು ಬೀದರಿನಲ್ಲಿ ನಡೆದದ್ದನ್ನು ಓದುವವರಿಗೆ ಹೇಳುವುದರಲ್ಲಿ ಅಡ್ಡಿಯಿಲ್ಲ. ಪಾಸ್ಟರ್ ಜಾನಿ ಕಾಗದವನ್ನು ಗಟ್ಟಿಯಾಗಿ ಓದಿದರು. ಮೋಶೆ ಎದ್ದು, ಹದಿನೇಳು ವರ್ಷದ ಹಿಂದೆ ತಾನು ಓದಿದ್ದು ಈ ಮಾತುಗಳನ್ನಲ್ಲವೆಂದು ಎಲ್ಲರೆದುರು ಒಪ್ಪಿಕೊಂಡ.  ಅವನ ಹೆಸರನ್ನು ಕೈಬಿಟ್ಟರು. ಹಾಡುಗಾರರ ಮುಂದೆ ನಿಲ್ಲುವುದನ್ನೂ ರೊಟ್ಟಿಯ ತಟ್ಟೆ ಹಿಡಿಯುವುದನ್ನೂ ನಿಲ್ಲಿಸಿದರು. ಅವನ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡು ಹಿಂದಿನ ಬಾಗಿಲಿನಿಂದ ಹೋದಳು. ಪರ್ಲ ಹದಿಮೂರು ವರ್ಷ ಕಾಯ್ದದ್ದು ಇದರ ಒಂದೊಂದು ವಿವರಕ್ಕೂ. ಆ ಹೊತ್ತಿಗೆ ಅವಳ ಬಸ್ಸು ಭಾಲ್ಕಿಯ ಅರ್ಧ ದಾರಿಯಲ್ಲಿತ್ತು.

ಮಧ್ಯಾಹ್ನದಿಂದ ಅವಳ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಬೀದರಿನ ಪರಿಚಯದವರೆಲ್ಲರ ಹೆಸರುಗಳೂ ಬಂದುಹೋದವು. ಅವಳು ಎತ್ತಿದ್ದು ಒಂದೇ ಕರೆಯನ್ನು.

"ಅವ್ವಾ, ಕಾಕಾ ಇವತ್ತ ಎಲ್ಲಾರ ಮುಂದ..."

"ಸಪನಾ, ಅದನ್ನ ಬಿಟ್ಟು ಬ್ಯಾರೆ ಏನರ ಇದ್ರ ಹೇಳು."

 "ಮುಂದಿನ ತಿಂಗಳ ಮೊದಲ ಐತಾರ ನೀ ಎಲ್ಲಿರ್ತಿ?" ಎಂದು ಮಗಳು ಕೇಳಿದಳು.

"ಭಾಲ್ಕಿಯಾಗ."

"ಹಂಗಿದ್ರ ನಾ ಬರ್ತೇನಿ."

ಮರುದಿನ ಬೆಳಿಗ್ಗೆ ಮಾರ್ಗರೆಟಬಾಯಿ ಕೋಲೂರಿಕೊಂಡು ಬಂದರು. ಪರ್ಲ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮುದುಕಿ ಮಣೆಯ ಮೇಲೆ ಕೂತು, ಸುದ್ದಿಯ ಭಾರಕ್ಕೆ ಮೇಲುಸಿರು ಬಿಡುತ್ತ, ಅವಳನ್ನೇ ನೋಡಿದರು.

"ನಿನ್ನಿದ್ದು ಎಲ್ಲಾ ಕೇಳೀನಿ. ಹೇಳ್ಲೇನು?"

ಪರ್ಲಳ ಕೈ ಹಿಟ್ಟಿನ ಮೇಲೆ ನಿಂತಿತು. ಬೆರಳುಗಳು ಹಿಟ್ಟಿನೊಳಗೆ ಇಳಿದವು.

"ಕೇಳಬೇಕಂತ ಹೊಟ್ಟಿಯಾಗ ಬೆಂಕಿ ಬಿದ್ದಾದ ಬಾಯಿ. ಅವ ಅತ್ತನೋ ಇಲ್ಲೋ, ಯಾರ್ಯಾರು ಏನಂದ್ರು, ಎಲ್ಲಾ ಬೇಕು ನನಗ. ಅವನ ಮ್ಯಾಲಿನ ಸಿಟ್ಟು ಎಳ್ಳಷ್ಟೂ ಇಳದಿಲ್ಲ." ಅವಳು ಹಿಟ್ಟನ್ನು ಮತ್ತೆ ಉಂಡೆ ಮಾಡಿದಳು. "ಅದಕ್ಕೇ ಹೇಳಬ್ಯಾಡ್ರಿ."

"ಇವತ್ತ ಬ್ಯಾಡೇನು, ಎಂದೂ ಬ್ಯಾಡೇನು?"

"ಎಂದೂ ಬ್ಯಾಡ. ನಾ ಕೇಳಿದ್ರೂ ಹೇಳಬ್ಯಾಡ್ರಿ."

ಮಾರ್ಗರೆಟಬಾಯಿ ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಎಪ್ಪತ್ತು ವರ್ಷದಲ್ಲಿ ಅವರು ಒಂದು ಸುದ್ದಿಯನ್ನೂ ಒಳಗಿಟ್ಟುಕೊಂಡವರಲ್ಲ. ಪರ್ಲ ಹೆಂಚಿನಿಂದ ರೊಟ್ಟಿ ತೆಗೆದು, ಮೇಲೆ ಖಾರದ ಪುಡಿ, ಎಣ್ಣೆ ಹಾಕಿ ಅವರ ಮುಂದಿಟ್ಟಳು.

"ಬಿಸಿ ಅದ. ತಿನ್ನ್ರಿ."

ಮುದುಕಿ ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ಅಗಿದರು. ಖಾರಕ್ಕೋ, ಹೇಳಲಾಗದ ಮಾತಿಗೋ, ಎರಡು ಸಲ ಕೆಮ್ಮಿದರು. ಆಮೇಲೆ ತಟ್ಟೆಯನ್ನು ಮುಂದೆ ಚಾಚಿ ಇನ್ನೊಂದು ರೊಟ್ಟಿ ಕೇಳಿದರು.